ಹೇಳಲಾಗದ ನೋವು: ವಿದ್ಯಾರ್ಥಿಯ ಮನಸ್ಸು ಮತ್ತು ಮನೆಯವರ ಮಾತು

ವಿಶ್ವವಿದ್ಯಾಲಯದ ಮೆಟ್ಟಿಲೇರಿದ ಮಗನೋ ಮಗಳೋ ಓದಿನಲ್ಲಿ ಹಿಂದೆ ಬಿದ್ದರೆ, ಊಟ ಬಿಟ್ಟರೆ, ಹಬ್ಬಕ್ಕೂ ಊರಿಗೆ ಬರಲೊಲ್ಲದಿದ್ದರೆ ನಾವು ಪರೀಕ್ಷೆಯ ಭಯವನ್ನೋ ಸಹವಾಸದೋಷವನ್ನೋ ಶಂಕಿಸುತ್ತೇವೆ. ಇನ್ನೊಂದು ಕಾರಣವೂ ಇರಬಹುದೆಂಬುದು ನಮ್ಮ ಮನೆಗಳಲ್ಲಿ ಮಾತಿಗೇ ಬರುವುದಿಲ್ಲ. ತನ್ನ ಒಲವು ತನ್ನಂತೆಯೇ ಗಂಡಾದವನ ಕಡೆಗೆ ಅಥವಾ ಹೆಣ್ಣಾದವಳ ಕಡೆಗೆ ಹರಿಯುತ್ತಿದೆ ಎಂದು ಕಂಡುಕೊಂಡ ವಿದ್ಯಾರ್ಥಿ, ಅದನ್ನು ಯಾರಿಗೂ ಹೇಳಲಾರದೆ ಒಳಗೊಳಗೇ ಬೇಯುತ್ತಿರಬಹುದು. ಲೈಂಗಿಕ ಅಲ್ಪಸಂಖ್ಯಾತರೆನಿಸಿದ ಇಂತಹ ಯುವಜನರಲ್ಲಿ ಖಿನ್ನತೆ, ಆತಂಕ ಹಾಗೂ ಆತ್ಮಹತ್ಯೆಯ ಆಲೋಚನೆಗಳು ಉಳಿದವರಿಗಿಂತ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಹಾಗಾದರೆ ಇದು ರೋಗವೇ? ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಸಲಿಂಗ ಆಕರ್ಷಣೆಯನ್ನು 1990ರಲ್ಲಿಯೇ ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಆದರೂ ಮನಸ್ಸು ಏಕೆ ಕುಸಿಯುತ್ತದೆ? ಅಮೆರಿಕದ ವಿದ್ವಾಂಸ ಇಲಾನ್ ಮೆಯರ್ 2003ರಲ್ಲಿ ಇದನ್ನು ‘ಅಲ್ಪಸಂಖ್ಯಾತರ ಒತ್ತಡ’ ಎಂದು ವಿವರಿಸಿದರು. ಎದುರಿಗೆ ಬರುವ ಅಪಹಾಸ್ಯ ಒಂದು ಹೊರೆ. ಅದು ಎಂದು ಬರುವುದೋ ಎಂದು ಕಾಯುವುದು ಮತ್ತೊಂದು. ವಸತಿನಿಲಯದ ಕೋಣೆಯಲ್ಲಿ ಗೆಳೆಯರು ಅಣಕವಾಡಿದಾಗ ತಾನೂ ನಗಬೇಕು, ಮೊಬೈಲಿನಲ್ಲಿ ಹೆಸರು ಬದಲಿಸಿ ಬರೆದುಕೊಳ್ಳಬೇಕು, ಆಡುವ ಪ್ರತಿ ಮಾತನ್ನೂ ತೂಗಬೇಕು. ಕಾಲಕ್ರಮದಲ್ಲಿ ಜನರ ತಿರಸ್ಕಾರವನ್ನು ಆತನೇ ನಂಬತೊಡಗುತ್ತಾನೆ. ಎಲ್ಲಕ್ಕಿಂತ ಅಪಾಯಕಾರಿಯಾದುದು ಇದೇ ಎಂದು ನಮಗೆ ತೋರುತ್ತದೆ.

ಈ ಒತ್ತಡವನ್ನು ಇಳಿಸುವ ಶಕ್ತಿ ಮನೆಗಿದೆ. ಏರಿಸುವ ಶಕ್ತಿಯೂ ಮನೆಗೇ ಇದೆ. ಸ್ಯಾನ್ ಫ್ರಾನ್ಸಿಸ್ಕೋ ಪ್ರದೇಶದಲ್ಲಿ ಕೇಟ್ಲಿನ್ ರಯಾನ್ ಮತ್ತು ಸಂಗಡಿಗರು ಇಂತಹ 224 ಯುವಜನರನ್ನು ಅಭ್ಯಸಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಹದಿಹರೆಯದಲ್ಲಿ ಮನೆಯವರಿಂದ ತೀವ್ರ ತಿರಸ್ಕಾರ ಕಂಡವರಲ್ಲಿ ಆತ್ಮಹತ್ಯೆಗೆ ಯತ್ನಿಸಿದವರ ಸಂಭವ, ತಿರಸ್ಕಾರ ಅಷ್ಟಾಗಿ ಕಾಣದವರಿಗಿಂತ 8 ಪಟ್ಟಿಗೂ ಹೆಚ್ಚಾಗಿತ್ತು. ಆ ಸಮಾಜ ಬೇರೆ, ನಮ್ಮದು ಬೇರೆ ಎನ್ನಬಹುದು. ಆದರೆ ತಂದೆತಾಯಿಯ ಮಾತಿಗೆ ಇಲ್ಲಿರುವ ತೂಕ ಅಲ್ಲಿಗಿಂತ ಕಡಿಮೆಯೇನಲ್ಲ.

ವಿಷಯ ತಿಳಿದೊಡನೆ ‘ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎನ್ನುವವರಿದ್ದಾರೆ. ಸರಿಹೋಗುವುದಿಲ್ಲ, ಏನೂ ಅರಿಯದ ಇನ್ನೊಂದು ಜೀವವೂ ನೋವಿಗೆ ಸಿಲುಕುತ್ತದೆ. ಈ ಒಲವನ್ನು ‘ಬದಲಿಸಿಕೊಡುತ್ತೇವೆ’ ಎನ್ನುವ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆಯೆಂದು ಸಾರಿದೆ. ಹಣ ಕೊಟ್ಟು ಮಗುವಿಗೆ ಹಿಂಸೆ ಕೊಂಡುತರಬೇಕಾಗಿಲ್ಲ.

ಮಠಗಳ ಪ್ರಸಾದ ನಿಲಯಗಳಲ್ಲಿ ಸಾವಿರಾರು ಮಕ್ಕಳು ಬೆಳೆಯುತ್ತಿರುವುದರಿಂದ ನಿಲಯಪಾಲಕರಿಗೂ ಒಂದು ಮಾತು. ವಿದ್ಯಾರ್ಥಿ ನಂಬಿ ಹೇಳಿದ ಗುಟ್ಟನ್ನು ಅವನ ಒಪ್ಪಿಗೆಯಿಲ್ಲದೆ ಊರಿಗೆ ತಲುಪಿಸಬಾರದು. ಪ್ರಾಣಾಪಾಯವಿದ್ದಾಗ ನೆರವು ಕರೆಯಲೇಬೇಕು. ಆಗಲೂ ಅವನ ಒಲವಿನ ವಿಷಯ ಹೊರಗೆಡಹುವ ಅಗತ್ಯವಿಲ್ಲ. ‘ಬದುಕಿ ಏನು ಪ್ರಯೋಜನ’ ಎನ್ನುವುದು, ಪ್ರೀತಿಯ ವಸ್ತುಗಳನ್ನು ಹಂಚುವುದು, ಎಲ್ಲರಿಂದ ದೂರವಾಗುವುದು ಕಂಡರೆ, ‘ಸಾಯಬೇಕೆನಿಸುತ್ತಿದೆಯೇ?’ ಎಂದು ನೇರವಾಗಿಯೇ ಕೇಳಬೇಕು. ಕೇಳುವುದರಿಂದ ಆ ಆಲೋಚನೆ ಹುಟ್ಟುವುದಿಲ್ಲ. ಎದೆಯ ಭಾರವನ್ನು ಇಳಿಸಲು ಒಂದು ಅವಕಾಶ ಸಿಗುತ್ತದೆ. ಉತ್ತರ ‘ಹೌದು’ ಎಂದಾದರೆ ಅವನನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಪೊಲೀಸ್ ಪ್ರಕರಣದ ಅಂಜಿಕೆಯಿಂದ ಆಸ್ಪತ್ರೆಗೆ ತಡಮಾಡುವುದು ಬೇಡ: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಹೇಳುತ್ತದೆ.

ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ವಿದ್ಯಾರ್ಥಿಯಷ್ಟೇ ಅಲ್ಲ, ಮಗನ ಮಾತು ಕೇಳಿ ದಿಕ್ಕು ತೋಚದೆ ಕುಳಿತ ತಾಯಿಯೂ ತಂದೆಯೂ ಕರೆ ಮಾಡಬಹುದು.