ಜಗಲಿಯಲ್ಲಿ ಕಾಯುವ ದನಿ

ಅಮೆರಿಕದ ಕಚೇರಿಗಳಲ್ಲಿ ಒಂದು ಕಾಲಕ್ಕೆ ಫೋನಿನ ಪಕ್ಕದಲ್ಲೇ ಗುಲಾಬಿ ಬಣ್ಣದ ಚೀಟಿಗಳ ಕಟ್ಟು ಇರುತ್ತಿತ್ತು. ‘ನೀವು ಇಲ್ಲದಾಗ’ ಎಂಬ ತಲೆಬರಹ. ಅದರ ಕೆಳಗೆ ಫೋನ್ ಮಾಡಿದವರ ಹೆಸರು, ಹೊತ್ತು, ನಂಬರು ಬರೆಯಲು ಜಾಗ. ‘ಮತ್ತೆ ಮಾಡುತ್ತಾರೆ’, ‘ನೀವೇ ಮಾಡಬೇಕಂತೆ’, ‘ತುರ್ತು’ ಎಂಬ ಪುಟ್ಟ ಚೌಕಗಳಿಗೆ ಗುರುತು ಹಾಕಿದರೆ ಅರ್ಧ ಕೆಲಸ ಮುಗಿಯಿತು. ಕೊನೆಯಲ್ಲಿ ಉಳಿಯುತ್ತಿದ್ದದ್ದು ಎರಡು ಮೂರು ಖಾಲಿ ಗೆರೆ: ಫೋನ್ ಮಾಡಿದ್ದು ಯಾಕೆ ಎಂಬುದನ್ನು ಬರೆಯಲು. ಇಂಥ ಚೀಟಿಗಳು ಕಸದ ಬುಟ್ಟಿಯಲ್ಲಿ ರಾಶಿ ಬಿದ್ದಿದ್ದನ್ನು ಕಂಡೇ ಡಲ್ಲಾಸ್‌ನ ಗಾರ್ಡನ್ ಮ್ಯಾಥ್ಯೂಸ್‌ಗೆ ವಾಯ್ಸ್‌ಮೇಲ್ ಹೊಳೆಯಿತೆಂದು ಪ್ರತೀತಿ. ಅವರು 1979ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1983ರಲ್ಲಿ ಅದು ಕೈಗೆ ಬಂತು. ಅವರ ವಿಎಂಎಕ್ಸ್ ಕಂಪನಿಯ ಮೊದಲ ಗಿರಾಕಿ 3ಎಂ. ಸ್ಪ್ಯಾಮ್ ಕರೆಗಳ ಹಾವಳಿಯಲ್ಲಿ ವಾಯ್ಸ್‌ಮೇಲ್ ಇನ್ನು ಯಾರಿಗೆ ಬೇಕು ಎಂದು ಕೇಳುವವರು ಚೀಟಿಯ ಆ ಕೊನೆಯ ಗೆರೆಗಳನ್ನು ಮರೆತಿದ್ದಾರೆ. ಈಗ ವಾಯ್ಸ್‌ಮೇಲ್ ಉಪಯೋಗಕ್ಕೆ ಬರುತ್ತಿರುವುದು ಸಂದೇಶ ತುಂಬಿಡುವ ಪೆಟ್ಟಿಗೆಯಾಗಿ ಅಲ್ಲ, ಹಳೆಯ ಮನೆಗಳ ಜಗಲಿಯಂತೆ. ಬಂದವರು ಅಲ್ಲಿ ನಿಂತು ಬಂದ ಕಾರಣ ಹೇಳುತ್ತಾರೆ. ಒಳಗೆ ಕರೆಯುವುದೋ ಬೇಡವೋ ಎಂಬುದು ಮನೆಯವರಿಗೆ ಬಿಟ್ಟದ್ದು.

ಇದು ಹೊಸದಾಗಿ ಕಂಡುಕೊಂಡ ಉಪಯೋಗವೂ ಅಲ್ಲ. ಡೆನ್ಮಾರ್ಕ್‌ನ ವಾಲ್ಡೆಮಾರ್ ಪೌಲ್ಸೆನ್ 1898ರಲ್ಲೇ ಉಕ್ಕಿನ ತಂತಿಯ ಮೇಲೆ ದನಿ ಹಿಡಿದಿಡುವ ಟೆಲಿಗ್ರಾಫೋನ್ ಮಾಡಿದ್ದರು. ಮನೆಯಲ್ಲಿ ಯಾರೂ ಇಲ್ಲದಾಗ ಬಂದ ಫೋನಿನ ಮಾತನ್ನು ಉಳಿಸಿಕೊಳ್ಳುವುದೂ ಅವರ ಉದ್ದೇಶವಾಗಿತ್ತು. 1930ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಕ್ಲಾರೆನ್ಸ್ ಹಿಕ್‌ಮನ್ ಕೆಲಸ ಮಾಡುವ ಯಂತ್ರವನ್ನೇ ಕಟ್ಟಿದರೂ ಅದರ ಒಡೆಯ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ ಅದನ್ನು ಮಾರುಕಟ್ಟೆಗೆ ಬಿಡಲಿಲ್ಲ. ಮಾತು ದಾಖಲಾಗುತ್ತದೆಂದು ಗೊತ್ತಾದರೆ ಜನ ಫೋನನ್ನೇ ನಂಬುವುದಿಲ್ಲ ಎಂಬ ಅಂಜಿಕೆ ಕಂಪನಿಗೆ. ತನ್ನದಲ್ಲದ ಉಪಕರಣವನ್ನು ತನ್ನ ಜಾಲಕ್ಕೆ ಜೋಡಿಸಬಾರದೆಂಬ ಅದರ ಹಟ ಮುರಿದದ್ದು ಹೊರಗಿನವರ ಉಪಕರಣವೊಂದರ ಕುರಿತ 1968ರ ಕಾರ್ಟರ್‌ಫೋನ್ ತೀರ್ಪಿನಲ್ಲಿ. ಆಮೇಲೆ ಕ್ಯಾಸೆಟ್ ಹಾಕುವ ಆನ್ಸರಿಂಗ್ ಮಷೀನ್ ನಿಧಾನವಾಗಿ ಮನೆಮನೆ ಸೇರಿತು. ಅದಕ್ಕೊಂದು ಸ್ಪೀಕರ್ ಇರುತ್ತಿತ್ತು ಎಂಬುದನ್ನು ಇಲ್ಲಿ ಮುಖ್ಯವಾಗಿ ನೆನೆಯಬೇಕು. ಫೋನ್ ನಾಲ್ಕು ಸಲ ರಿಂಗಾಗುತ್ತದೆ, ಟೇಪ್ ಟಕ್ಕೆಂದು ತಿರುಗಲು ಶುರುವಾಗುತ್ತದೆ, ಬೀಪ್ ಆದ ಮೇಲೆ ಆಚೆಯವರ ದನಿ ಕೋಣೆಯ ತುಂಬ ಕೇಳಿಸುತ್ತದೆ. ಸಾಬೂನು, ಪಾಲಿಸಿ ಮಾರುವವನಾದರೆ ಮನೆಯವರು ಕೂತಲ್ಲಿಂದ ಏಳುವುದಿಲ್ಲ. ಅಕ್ಕನ ದನಿಯಾದರೆ ಓಡಿಹೋಗಿ ರಿಸೀವರ್ ಎತ್ತುತ್ತಾರೆ. ಮನೆಯಲ್ಲಿ ಇಲ್ಲದಾಗ ಎಂದು ಕೊಂಡ ಯಂತ್ರ ಮನೆಯಲ್ಲಿ ಇದ್ದಾಗಲೂ ಬಾಗಿಲು ಕಾಯತೊಡಗಿತು.

ಈ ಗುಣ ಕಳೆದುಹೋದದ್ದು ಯಂತ್ರ ಮನೆಯಿಂದ ಟೆಲಿಫೋನ್ ಕಂಪನಿಯ ಎಕ್ಸ್‌ಚೇಂಜಿಗೆ ಸಾಗಿದಾಗ. 1988ರಲ್ಲಿ ಅಮೆರಿಕದ ನ್ಯಾಯಾಲಯ ಪ್ರಾದೇಶಿಕ ಬೆಲ್ ಟೆಲಿಫೋನ್ ಕಂಪನಿಗಳಿಗೆ ವಾಯ್ಸ್‌ಮೇಲ್ ಸೇವೆಯನ್ನು ಮಾರಲು ಒಪ್ಪಿಗೆ ಕೊಟ್ಟಿತು. ಟೇಪು, ಸ್ಪೀಕರು ಎರಡೂ ಮಾಯವಾದವು. ಮಾತು ಯಾವುದೋ ದೂರದ ಡಿಸ್ಕಿನ ಮೇಲೆ ಕೂರುತ್ತದೆ. ಅದನ್ನು ಕೇಳಲು ನಂಬರ್ ಒತ್ತಿ, ಪಾಸ್‌ವರ್ಡ್ ಕೊಟ್ಟು, ಹಿಂದಿನ ಸಂದೇಶಗಳನ್ನು ಒಂದೊಂದಾಗಿ ದಾಟಿ ಹೋಗಬೇಕು. ಜನ ಬೇಸತ್ತದ್ದು ಈ ಅವತಾರದಿಂದ. 2007ರಲ್ಲಿ ಐಫೋನ್ ಸಂದೇಶಗಳನ್ನು ಪಟ್ಟಿಯಾಗಿ ತೋರಿಸಿದ್ದು ಸ್ವಲ್ಪ ಸಮಾಧಾನ ತಂದರೂ ಅಷ್ಟರಲ್ಲಿ ಎಸ್‌ಎಂಎಸ್ಸು, ಇಮೇಲು ಗೆದ್ದಾಗಿತ್ತು. 2014ರ ಕೊನೆಯಲ್ಲಿ ಕೋಕಾ-ಕೋಲಾ ಅಟ್ಲಾಂಟಾದ ತನ್ನ ಮುಖ್ಯ ಕಚೇರಿಯಲ್ಲಿ ವಾಯ್ಸ್‌ಮೇಲ್ ನಿಲ್ಲಿಸಿತು. ಆ ತೀರ್ಮಾನ ಸರಿಯಾಗಿಯೇ ಇತ್ತು. ಪರಿಚಯಸ್ಥರು, ಸಹೋದ್ಯೋಗಿಗಳು ಒಬ್ಬರಿಗೊಬ್ಬರು ಹೇಳಬೇಕಾದ್ದಕ್ಕೆ ಬೇರೆ ಹತ್ತು ದಾರಿಗಳಿವೆ, ಅಷ್ಟರ ಮಟ್ಟಿಗೆ ಸಂದೇಶದ ಪೆಟ್ಟಿಗೆ ಸತ್ತಿದೆ. ಆದರೆ ಪರಿಚಯವಿಲ್ಲದವರೂ ಫೋನ್ ಮಾಡುತ್ತಾರೆ, ಸ್ಪ್ಯಾಮ್ ಕೆಡಿಸಿಟ್ಟಿರುವುದು ಆ ದಾರಿಯನ್ನೇ.

ಇಂಟರ್‌ನೆಟ್ ಮೂಲಕ ಕರೆ ಮಾಡುವುದು ಪುಕ್ಕಟೆಗೆ ಸಮೀಪ ಬಂದಾಗ ಒಂದು ಸಾಫ್ಟ್‌ವೇರ್ ಲಕ್ಷಗಟ್ಟಲೆ ನಂಬರುಗಳನ್ನು ತಟ್ಟುವಂತಾಯಿತು. ಪರದೆಯ ಮೇಲೆ ಮೂಡುವ ನಂಬರನ್ನು ಬೇಕಾದಂತೆ ಬದಲಿಸುವುದೂ ಸುಲಭವಾಯಿತು. ನಿಮ್ಮದೇ ಊರಿನ ಕೋಡ್ ತೋರಿಸಿ ನೆರೆಯವರಂತೆ ನಟಿಸುವ ಕರೆಗಳು ಬಂದವು. ಇಂಥ ಕರೆಗಳನ್ನು ತಡೆಯಲು ಅಮೆರಿಕ 2019ರಲ್ಲಿ ಟ್ರೇಸ್ಡ್ ಕಾಯ್ದೆ ತಂದಿತು. 2021ರ ಜೂನ್ 30ರ ಹೊತ್ತಿಗೆ ದೊಡ್ಡ ಕಂಪನಿಗಳು ಸ್ಟಿರ್-ಶೇಕನ್ ಎಂಬ ವ್ಯವಸ್ಥೆಯಡಿ ಇಂಟರ್‌ನೆಟ್ ಆಧಾರಿತ ಜಾಲದ ಕರೆಗಳಿಗೆ ಡಿಜಿಟಲ್ ರುಜು ಹಾಕಬೇಕಾಯಿತು. ಒಳ್ಳೆಯ ಕೆಲಸವೇ. ಆದರೂ ಆ ರುಜು ಸಾಕ್ಷಿ ಹೇಳುವುದು ನಂಬರಿಗೆ ಮಾತ್ರ, ಅದರ ಹಿಂದಿನ ಮನುಷ್ಯನ ಉದ್ದೇಶಕ್ಕಲ್ಲ. ನ್ಯಾಯವಾಗಿ ಪಡೆದ ನಂಬರಿನಿಂದಲೂ ಮೋಸ ಮಾಡಬಹುದು. ನಂಬರೇ ಗುರುತಾಗಿ ಉಳಿದಿಲ್ಲವೆಂದ ಮೇಲೆ ಕರೆಯ ಗುರುತು ಅದರ ಕಾರಣದಲ್ಲಿದೆ. ಆ ಕಾರಣವನ್ನು ನಮ್ಮ ಒಂದು ನಿಮಿಷ ಕಸಿಯುವ ಮೊದಲೇ ಹೇಳಿಸುವ ಜಾಗ ಟೆಲಿಫೋನ್ ವ್ಯವಸ್ಥೆಯಲ್ಲಿ ವಾಯ್ಸ್‌ಮೇಲ್ ಒಂದೇ. ಫೋನ್ ತಯಾರಕರು ಸುತ್ತಿ ಬಳಸಿ ಇಲ್ಲಿಗೇ ಬಂದರು. 2018ರಲ್ಲಿ ಗೂಗಲ್‌ನ ಪಿಕ್ಸೆಲ್ ಫೋನು ಕರೆ ಮಾಡಿದವರನ್ನು ತಾನೇ ವಿಚಾರಿಸತೊಡಗಿತು; 2019ರಲ್ಲಿ ಆ್ಯಪಲ್ ಅಪರಿಚಿತ ಕರೆಗಳನ್ನು ಸದ್ದಿಲ್ಲದೆ ವಾಯ್ಸ್‌ಮೇಲ್‌ಗೆ ಕಳಿಸುವ ಸೌಲಭ್ಯ ಕೊಟ್ಟಿತು. ಅದೇ ಕಂಪನಿಯ 2023ರ ಲೈವ್ ವಾಯ್ಸ್‌ಮೇಲ್‌ನಲ್ಲಂತೂ ಆಚೆಯವರು ಮಾತಾಡುತ್ತಿದ್ದಂತೆಯೇ ಅಕ್ಷರಗಳು ಪರದೆಯ ಮೇಲೆ ಮೂಡುತ್ತವೆ, ಬೇಕೆನಿಸಿದರೆ ನಡುವೆಯೇ ಎತ್ತಬಹುದು. ಕ್ಯಾಸೆಟ್ ಯಂತ್ರದ ಸ್ಪೀಕರ್ ಅಕ್ಷರರೂಪದಲ್ಲಿ ಮರಳಿ ಬಂದಿದೆ.

ಸ್ಪ್ಯಾಮಿನವರೂ ಸಂದೇಶ ಬಿಡುತ್ತಾರಲ್ಲ ಎಂಬ ಆಕ್ಷೇಪ ಸುಳ್ಳಲ್ಲ. ರಿಂಗೇ ಆಗದಂತೆ ನೇರವಾಗಿ ವಾಯ್ಸ್‌ಮೇಲ್‌ಗೆ ಜಾಹೀರಾತು ಸುರಿಯುವ ಕಂಪನಿಗಳೇ ಹುಟ್ಟಿಕೊಂಡವು. ಒಪ್ಪಿಗೆ ಇಲ್ಲದೆ ಹಾಗೆ ಮಾಡುವಂತಿಲ್ಲವೆಂದು ಅಮೆರಿಕದ ಸಂಪರ್ಕ ಆಯೋಗ 2022ರಲ್ಲಿ ಹೇಳಬೇಕಾಯಿತು. ಆದರೂ ಕಣ್ಣಾಡಿಸಿ ಅಳಿಸುವ ಎರಡು ಸಾಲಿಗೂ ಊಟದ ನಡುವೆ ಎಬ್ಬಿಸುವ ಕರೆಗೂ ಹೋಲಿಕೆಯಿಲ್ಲ. ನಕಲಿ ದನಿಯ ಭಯ ಇದಕ್ಕಿಂತ ಗಂಭೀರ. 2024ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್ ಮತದಾರರಿಗೆ ಆಗಿನ ಅಧ್ಯಕ್ಷ ಬೈಡನ್ ದನಿಯನ್ನು ಅನುಕರಿಸಿದ ಕರೆಗಳು ಹೋದವು. ಮಗನ ದನಿಯಲ್ಲಿ ದುಡ್ಡು ಕೇಳುವ ಸಂದೇಶವೂ ಬರಬಹುದು. ಆದರೆ ಇಂಥ ಮೋಸದ ಜೀವಾಳ ಅವಸರ. ಫೋನಿಡಬೇಡಿ, ಯಾರಿಗೂ ಹೇಳಬೇಡಿ ಎಂದು ಬೆದರಿಸಿ ಕೂರಿಸುವುದರಲ್ಲೇ ಅದರ ಬಲವಿದೆ. ಬಿಟ್ಟುಹೋದ ಸಂದೇಶಕ್ಕೆ ಹಾಗೆ ಹಿಡಿದು ಕೂರಿಸುವ ಶಕ್ತಿ ಇಲ್ಲ. ಅದನ್ನು ಕೇಳಿ, ಮಗನ ಹಳೆಯ ನಂಬರಿಗೇ ಫೋನ್ ಮಾಡಿ ವಿಚಾರಿಸಲು ಸಮಯ ಸಿಗುತ್ತದೆ. ನನಗೆ ನಿಜಕ್ಕೂ ಕಾಡುವ ತೊಡಕು ಬೇರೆಯದು. ಅಮೆರಿಕದ ಆಸ್ಪತ್ರೆಗಳು ರೋಗಿಯ ಗೌಪ್ಯತೆ ಕಾಪಾಡಲು ವಾಯ್ಸ್‌ಮೇಲ್‌ನಲ್ಲಿ ಹೆಚ್ಚೇನೂ ಹೇಳುವುದಿಲ್ಲ; ಹೆಸರು, ನಂಬರು, ದಯವಿಟ್ಟು ವಾಪಸ್ ಕರೆ ಮಾಡಿ, ಅಷ್ಟೇ. ಕೇಳಿದರೆ ಥೇಟ್ ಮೋಸಗಾರರ ಸಂದೇಶದಂತೆಯೇ ಇರುತ್ತದೆ. ಆಗ ಆಸ್ಪತ್ರೆಯ ಚೀಟಿಯಲ್ಲಿ ಅಚ್ಚಾದ ನಂಬರಿಗೆ ಫೋನ್ ಮಾಡುವುದೇ ಕ್ಷೇಮ.

ಭಾರತದಲ್ಲಿ ವಾಯ್ಸ್‌ಮೇಲ್ ಬೇರು ಬಿಡಲೇ ಇಲ್ಲ. ಇಲ್ಲಿ ಮೊಬೈಲ್ ಬಂದ 1995ರಿಂದ 2003ರವರೆಗೆ ಒಳಬರುವ ಕರೆಗೂ ದುಡ್ಡು ತೆರಬೇಕಿತ್ತು. ಬೀಪ್ ಆದ ಮೇಲೆ ಮಾತಾಡಿದರೆ ಕಾಸು ಕಡಿತ, ಅದನ್ನು ಕೇಳಿಸಿಕೊಂಡರೆ ಮತ್ತೆ ಕಾಸು. ಎತ್ತುವ ಮೊದಲೇ ಕಟ್ ಮಾಡಿದರೆ ಖರ್ಚೇ ಇಲ್ಲ. ಹೀಗೆ ಮಿಸ್ಡ್ ಕಾಲ್ ನಮ್ಮ ಸಂದೇಶವಾಯಿತು, ಅದನ್ನೇ ವ್ಯಾಪಾರವಾಗಿಸಿದ ಬೆಂಗಳೂರಿನ ಜಿಪ್‌ಡಯಲ್ ಕಂಪನಿಯನ್ನು 2015ರಲ್ಲಿ ಟ್ವಿಟರ್ ಕೊಂಡಿತು. ವಾಟ್ಸ್‌ಆ್ಯಪ್‌ನ ವಾಯ್ಸ್ ಮೆಸೇಜ್ ಇದೆಯಲ್ಲ ಎನ್ನಬಹುದು, ಆದರೆ ಅದು ಹೆಚ್ಚಾಗಿ ಗುರುತಿನವರ ನಡುವಿನ ಮಾತು. ಅಪರಿಚಿತರಿಗೆ ನಮ್ಮಲ್ಲಿ ಇರುವುದು ನಂಬರಿನ ಲೆಕ್ಕ: ಮಾರಾಟದ ಕರೆಗೆ 140ರ ಸಾಲು, ಬ್ಯಾಂಕು, ಸರ್ಕಾರಿ ಸೇವೆಗಳಿಗೆ 2024ರಲ್ಲಿ ತೆಗೆದಿಟ್ಟ 160ರ ಸಾಲು. ದೊಡ್ಡ ಸಂಸ್ಥೆಗಳನ್ನು ಗುರುತಿಸಲು ಇದು ಸಾಕು. ಆದರೆ ಕೊರಿಯರ್ ಹುಡುಗ, ಮಗುವಿಗೆ ಜ್ವರ ಬಂದಿದೆಯೆಂದು ತಿಳಿಸಬೇಕಾದ ಶಾಲೆಯ ಟೀಚರ್, ಚಾರ್ಜ್ ಮುಗಿದು ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದವರ ಮೊಬೈಲ್ ಕೇಳಿ ಪಡೆದ ಅಜ್ಜಿ, ಇವರೆಲ್ಲ ಫೋನ್ ಮಾಡುವುದು ಸಾಮಾನ್ಯ ಹತ್ತಂಕಿಯ ನಂಬರಿನಿಂದ. ಸ್ಪ್ಯಾಮ್ ಇರಬೇಕೆಂದು ಮೊಮ್ಮಗ ಎತ್ತುವುದಿಲ್ಲ. ರಿಂಗ್ ನಿಲ್ಲುತ್ತದೆ. ಅಜ್ಜಿ ಮೊಬೈಲನ್ನು ಅದರ ಒಡೆಯರಿಗೆ ಕೊಟ್ಟು ಬಸ್ಸು ಹತ್ತುತ್ತಾರೆ. ಮೊಮ್ಮಗನ ಪರದೆಯ ಮೇಲೆ ಉಳಿಯುವುದು ಹತ್ತು ಅಂಕಿ, ಅದರ ಕೆಳಗೆ ‘1 ಮಿಸ್ಡ್ ಕಾಲ್’.