ಬಂಡೆಯ ಸಾಕ್ಷಿಯೂ ಭಕ್ತರ ವಿಶ್ವಾಸವೂ

ಶಿಲೆಯು ಎಷ್ಟನ್ನು ಹೇಳಬಲ್ಲುದು, ಎಷ್ಟನ್ನು ಹೇಳಲಾರದು ಎಂಬುದನ್ನು ಅರಿಯಲು ಹಚ್ಚೊಳ್ಳಿಯ ಸೀಮೆಯವರು ದೂರ ಹೋಗಬೇಕಾದುದಿಲ್ಲ. ಅದೇ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲಿ ಅಶೋಕನ ಹೆಸರನ್ನೇ ಹೊತ್ತ ಬಂಡೆಗಳಿವೆ. ತನ್ನ ಕಿರುಶಾಸನಗಳಲ್ಲಿ ಆ ಚಕ್ರವರ್ತಿಯು ತಾನು ಬುದ್ಧನ ಉಪಾಸಕನೆಂದು ಸಾರಿಕೊಂಡಿರುವನು. ಅಶೋಕನಿದ್ದನೆಂಬುದಕ್ಕೂ ಆತನು ಹೀಗೆ ನಂಬಿದನೆಂಬುದಕ್ಕೂ ಶಾಸನವು ಸಾಕ್ಷಿ. ಬೋಧಿವೃಕ್ಷದಡಿಯಲ್ಲಿ ಬುದ್ಧನಿಗೆ ದೊರೆತುದು ಪರಮಸತ್ಯವೇ ಎಂಬ ಪ್ರಶ್ನೆಗೆ ಅದು ಉತ್ತರ ಕೊಡಲಾರದು. ಕ್ರೈಸ್ತಮತದಲ್ಲಿ ವಿಶ್ವಾಸಕ್ಕೂ ಇತಿಹಾಸಕ್ಕೂ ನಡೆದುಬಂದ ದೀರ್ಘ ವಾಗ್ವಾದವನ್ನು ಈ ವಿವೇಕದಿಂದಲೇ ನೋಡಬೇಕೆಂಬುದು ನನ್ನ ಭಾವನೆ.

ಈ ವಾದವು ನಮ್ಮ ಬಳ್ಳಾರಿ ಜಿಲ್ಲೆಗೆ ತೀರ ಪರಕೀಯವೂ ಅಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕಾರ್ಯದಲ್ಲಿ ತೊಡಗಿದನು. 1843ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕನ್ನಡದ ಮೊದಲ ವೃತ್ತಪತ್ರಿಕೆಯು ಮರುವರ್ಷ ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಬಳ್ಳಾರಿಯ ಅಚ್ಚುಕೂಟದಲ್ಲಿಯೇ ಮುದ್ರಿತವಾಯಿತು. ಅದರ ಸಂಪಾದಕನಾದ ಹೆರ್ಮನ್ ಮೋಗ್ಲಿಂಗನು ದೇವಶಾಸ್ತ್ರವನ್ನು ಓದಿದುದು ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ. ಅಲ್ಲಿಯೇ ಬೋಧಕನಾಗಿದ್ದ ಡೇವಿಡ್ ಸ್ಟ್ರೌಸನು 1835ರಲ್ಲಿ ಯೇಸುವಿನ ಜೀವನವನ್ನು ಕುರಿತು ಗ್ರಂಥವನ್ನು ಬರೆದು, ಸುವಾರ್ತೆಗಳ ಅದ್ಭುತಕಥೆಗಳು ನಡೆದ ಸಂಗತಿಗಳಲ್ಲ, ಆದಿಭಕ್ತರ ಶ್ರದ್ಧೆಯಿಂದ ಮೂಡಿದ ಪುರಾಣಗಳೆಂದು ವಾದಿಸಿ, ತನ್ನ ಹುದ್ದೆಯನ್ನು ಕಳೆದುಕೊಂಡನು. ಮೋಗ್ಲಿಂಗನು ಮಂಗಳೂರಿಗೆ ಬಂದಿಳಿದುದು ಅದರ ಮರುವರ್ಷ.

ಚರಿತ್ರಕಾರನು ಧೈರ್ಯವಾಗಿ ಹೇಳಬಲ್ಲುದೇನು? ಯೇಸುವೆಂಬವನು ಇದ್ದನು, ಪೊಂತ್ಯ ಪಿಲಾತನ ಆಳಿಕೆಯಲ್ಲಿ ಮರಣದಂಡನೆಗೆ ಗುರಿಯಾದನು. ಕ್ರೈಸ್ತರನ್ನು ಹೀಗಳೆದ ರೋಮಿನ ಟ್ಯಾಸಿಟಸನೇ ಎರಡನೆಯ ಶತಮಾನದ ಆದಿಭಾಗದಲ್ಲಿ ಇದನ್ನು ಬರೆದಿಟ್ಟಿರುವನು. ಪಿಲಾತನ ಹೆಸರುಳ್ಳ ಕಲ್ಲು 1961ರಲ್ಲಿ ಕೈಸರೈಯದಲ್ಲಿ ದೊರೆಯಿತು. ಯೆಹೂದ್ಯ ಇತಿಹಾಸಕಾರ ಜೋಸೀಫಸನ ಗ್ರಂಥದಲ್ಲಿಯೂ ಯೇಸುವಿನ ಪ್ರಸ್ತಾಪವಿದೆಯಾದರೂ, ಅದರಲ್ಲಿ ಕ್ರೈಸ್ತ ಲಿಪಿಕಾರರ ಕೈ ಸೇರಿದೆಯೆಂದು ಬಹುಮಂದಿ ವಿದ್ವಾಂಸರು ಒಪ್ಪುತ್ತಾರೆ.

ಇವೆಲ್ಲಕ್ಕಿಂತ ಬೆಲೆಯುಳ್ಳುದು ಆದಿಕ್ರೈಸ್ತರ ಉಪದೇಶಕನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯ. ಶಿಲುಬೆಯ ಘಟನೆಯಾಗಿ ಸುಮಾರು 25 ವರ್ಷಗಳಲ್ಲಿ ಬರೆದ ಆ ಓಲೆಯಲ್ಲಿ ಆತನು, ತನಗೆ ಹಿಂದಿನವರಿಂದ ಬಂದುದನ್ನೇ ಒಪ್ಪಿಸುತ್ತಿರುವೆನೆಂದು ಹೇಳಿ, ಸತ್ತು ಎದ್ದುಬಂದ ಕ್ರಿಸ್ತನನ್ನು ಕಂಡವರ ಪಟ್ಟಿಯನ್ನು ಕೊಡುತ್ತಾನೆ: ಪೇತ್ರನು, ಹನ್ನೆರಡು ಮಂದಿ, ಒಮ್ಮೆಗೇ 500ಕ್ಕೂ ಹೆಚ್ಚು ಸಹೋದರರು, ಯಾಕೋಬನು. ಆ ಐನೂರರಲ್ಲಿ ಹೆಚ್ಚಿನವರು ಇನ್ನೂ ಬದುಕಿರುವರೆಂದೂ ಸೇರಿಸುತ್ತಾನೆ. ಬೇಕಾದವರು ಹೋಗಿ ಕೇಳಬಹುದೆಂಬ ಧ್ವನಿ ಆ ಮಾತಿನಲ್ಲಿದೆ. ಕ್ರಿಸ್ತನು ಎದ್ದುಬಂದಿಲ್ಲವಾದರೆ ವಿಶ್ವಾಸವೇ ವ್ಯರ್ಥವೆಂದು ಅದೇ ಅಧ್ಯಾಯದಲ್ಲಿ ಒಪ್ಪಿಕೊಳ್ಳುವ ಪೌಲನ ಅನುಯಾಯಿಗಳು, ಇತಿಹಾಸದ ಗೊಡವೆ ತಮಗೆ ಬೇಡವೆಂದು ಹೇಳಿ ಪಾರಾಗುವಂತಿಲ್ಲ. ಕಂಡೆವೆಂದು ಆ ಪಟ್ಟಿಯವರು ಮನಸಾರೆ ನಂಬಿದರೆಂಬವರೆಗೆ ಚರಿತ್ರಕಾರನು ಬರಬಲ್ಲನು. ದೇವರೇ ಎಬ್ಬಿಸಿದನೆಂಬ ಮುಂದಿನ ಹೆಜ್ಜೆಯನ್ನು ಭಕ್ತನು ತಾನೇ ಇಡಬೇಕು. ಆ ಹೆಜ್ಜೆಯನ್ನು ಪ್ರಮಾಣಸಿದ್ಧವೆನ್ನುವ ಉಪದೇಶಕನೂ, ಅದು ಅಸಾಧ್ಯವೆಂದು ಸಿದ್ಧವಾಯಿತೆನ್ನುವ ವಿಮರ್ಶಕನೂ ತಮ್ಮ ಕೈಯಲ್ಲಿಲ್ಲದ ಆಧಾರವನ್ನು ಎತ್ತಿ ತೋರಿಸುತ್ತಿರುವರು.

ಶೋಧನೆಗೆ ಅಂಜದ ವಿಶ್ವಾಸಕ್ಕೆ ನಾನು ಕೈಮುಗಿಯುತ್ತೇನೆ. ಸ್ಟ್ರೌಸನಂಥವರಿಗೆ ಪ್ರಾಚೀನ ಹಸ್ತಪ್ರತಿಗಳಿಂದಲೇ ಉತ್ತರ ಕೊಡಬೇಕೆಂದು ಹೊರಟ ನಿಷ್ಠಾವಂತ ಕ್ರೈಸ್ತ ಟಿಶೆನ್‌ಡಾರ್ಫನು 1844ರಲ್ಲಿ ಮೊದಲು, 1859ರಲ್ಲಿ ಮತ್ತೆ, ಸೀನಾಯಿ ಬೆಟ್ಟದಡಿಯ ಮಠದಲ್ಲಿ ನಾಲ್ಕನೆಯ ಶತಮಾನದ ಬೈಬಲಿನ ಹಾಳೆಗಳನ್ನು ಕಂಡನು. ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳು, ಎದ್ದುಬಂದ ಯೇಸುವಿನ ದರ್ಶನಗಳನ್ನು ಹೇಳುವ ವಚನಗಳೇ, ಆ ಪ್ರತಿಯಲ್ಲಿರಲಿಲ್ಲ. ಟಿಶೆನ್‌ಡಾರ್ಫನು ಅದನ್ನು ಮುಚ್ಚಿಡಲಿಲ್ಲ; ಆ ಪ್ರತಿಯನ್ನು ಅಚ್ಚು ಮಾಡಿಸಿ ಲೋಕದ ಮುಂದಿಟ್ಟನು, ತಾನು ಪರಿಷ್ಕರಿಸಿದ ಹೊಸ ಒಡಂಬಡಿಕೆಯ ಎಂಟನೆಯ ಆವೃತ್ತಿಯ ಮೂಲಪಾಠದಿಂದ ಆ ಹನ್ನೆರಡೂ ವಚನಗಳನ್ನು ಕೈಬಿಟ್ಟನು.