ಮೆಲ್ಲಗೆ ಇಳಿಸಿದರೆ ಮೊಂಡಾಗುವ ಹಲ್ಲು

ಲೋಹ ಕೊಯ್ಯುವ ಬ್ಯಾಂಡ್‌ಸಾ ಎಂದರೆ ಎರಡು ಚಕ್ರಗಳ ಮೇಲೆ ಬಿಗಿದ, ಒಂದೇ ದಿಕ್ಕಿಗೆ ಬಿಡುವಿಲ್ಲದೆ ಓಡುವ ಹಲ್ಲುಳ್ಳ ಉಕ್ಕಿನ ಪಟ್ಟಿ; ಹಿಂದಕ್ಕೆ ಸರಿಯುವಾಗ ಏನನ್ನೂ ಕೊಯ್ಯದ ಪವರ್ ಹ್ಯಾಕ್‌ಸಾದಂತೆ ಇದರಲ್ಲಿ ವ್ಯರ್ಥವಾಗುವ ಓಟವಿಲ್ಲ. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ 19ನೆಯ ಶತಮಾನದ ಮೊದಲ ದಶಕದಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರೂ, ಪಟ್ಟಿಯ ಬೆಸುಗೆ ಬಾಳಿಕೆ ಬಾರದೆ ಯಂತ್ರ ಬಳಕೆಗೆ ಬರಲಿಲ್ಲ. 1846ರಲ್ಲಿ ಆನ್ ಪೋಲಿನ್ ಕ್ರೆಪಾಂ ಎಂಬ ಫ್ರೆಂಚ್ ಮಹಿಳೆ ಬೆಸೆಯುವ ವಿಧಾನವೊಂದಕ್ಕೆ ಪೇಟೆಂಟ್ ಪಡೆದ ಮೇಲೆ ಆ ತೊಡಕು ಸಡಿಲವಾಯಿತು. ಆದರೆ ಆಗಿನದು ಮರದ ಗರಗಸ. ಮರ ಕೊಯ್ಯುವ ಪಟ್ಟಿ ನಿಮಿಷಕ್ಕೆ ಸಾವಿರ ಮೀಟರಿನ ಆಸುಪಾಸಿನಲ್ಲಿ ಓಡುತ್ತದೆ. ಆ ವೇಗದಲ್ಲಿ ಉಕ್ಕನ್ನು ಮುಟ್ಟಿಸಿದರೆ ಹಲ್ಲು ಕ್ಷಣಾರ್ಧದಲ್ಲಿ ಸುಟ್ಟುಹೋಗುತ್ತದೆ.

ಇಂದು ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಸರಳು ಕತ್ತರಿಸುವ ಯಂತ್ರಗಳಿಗೆ ಹೆಚ್ಚಾಗಿ ಹಾಕುವುದು ಬೈಮೆಟಲ್ ಪಟ್ಟಿಯನ್ನು, ಅಂದರೆ ಬಾಗಬಲ್ಲ ಸ್ಪ್ರಿಂಗ್ ಉಕ್ಕಿನ ಬೆನ್ನಿಗೆ ಗಡಸು ಹೈಸ್ಪೀಡ್ ಉಕ್ಕಿನ ಹಲ್ಲಂಚು ಬೆಸೆದದ್ದನ್ನು. ಹಲ್ಲುಗಳನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ವಾಲಿಸಿರುವುದರಿಂದ, 0.9 ಮಿಲಿಮೀಟರ್ ದಪ್ಪದ ಪಟ್ಟಿ ಸುಮಾರು ಒಂದೂವರೆ ಮಿಲಿಮೀಟರ್ ಅಗಲದ ಸೀಳು ಬಿಡಿಸಿಕೊಂಡು, ತಾನು ಸಿಕ್ಕಿಕೊಳ್ಳದೆ ಸಾಗುತ್ತದೆ. ಕೊಯ್ತದಲ್ಲಿ ಯಾವಾಗಲೂ ಕನಿಷ್ಠ ಮೂರು ಹಲ್ಲುಗಳಿರಬೇಕೆಂಬುದು ಹಳೆಯ ನಿಯಮ; ಹಾಗಾಗಿ ನೂರು ಮಿಲಿಮೀಟರಿನ ಗಟ್ಟಿ ಸರಳಿಗೆ ಇಂಚಿಗೆ ಮೂರು–ನಾಲ್ಕು ಹಲ್ಲು ಸಾಕಾದರೆ, ತೆಳು ಗೋಡೆಯ ಪೈಪಿಗೆ ಹತ್ತು–ಹದಿನಾಲ್ಕು ಬೇಕು, ಇಲ್ಲವಾದರೆ ಗೋಡೆಯ ಅಂಚು ಎರಡು ಹಲ್ಲುಗಳ ನಡುವಿನ ಸಂದಿಗೆ ಸಿಕ್ಕಿ ಹಲ್ಲೇ ಮುರಿಯುತ್ತದೆ.

ಪಟ್ಟಿ ದುಬಾರಿಯೆಂದು ಅದನ್ನು ಅಂಜಿ ಅಂಜಿ ಇಳಿಸುವುದೇ ಕಾರ್ಯಾಗಾರಗಳ ದೊಡ್ಡ ತಪ್ಪು. ಒತ್ತಡ ಕಡಿಮೆಯಾದಾಗ ಹಲ್ಲು ಲೋಹವನ್ನು ಕಚ್ಚದೆ ಬರಿದೆ ಉಜ್ಜುತ್ತದೆ. ಸ್ಟೇನ್‌ಲೆಸ್ ಸ್ಟೀಲ್‌ನಂಥ ಲೋಹ ಹಾಗೆ ಉಜ್ಜಿದಷ್ಟೂ ಮೇಲ್ಪದರದಲ್ಲಿ ಗಡಸಾಗುತ್ತ ಹೋಗಿ, ಮುಂದಿನ ಹಲ್ಲಿಗೆ ಇನ್ನಷ್ಟು ಕಠಿಣವಾಗುತ್ತದೆ. ಇದನ್ನು ಅಳೆಯಲು ಮಾಪಕ ಬೇಕಿಲ್ಲ, ಉದುರುವ ಚೂರುಗಳನ್ನು ನೋಡಿದರೆ ಸಾಕು: ಪುಡಿಯಾಗಿದ್ದರೆ ಒತ್ತಡ ಸಾಲದು, ದಪ್ಪಗಿದ್ದು ನೀಲಿಗಟ್ಟಿದ್ದರೆ ಒತ್ತಡವೋ ವೇಗವೋ ಮಿತಿಮೀರಿದೆ, ಸಡಿಲ ಸುರುಳಿಯಾಗಿದ್ದರೆ ಎಲ್ಲವೂ ಸರಿಯಿದೆ. ಮೃದು ಉಕ್ಕಿಗೆ ನಿಮಿಷಕ್ಕೆ ಅರುವತ್ತು–ಎಂಬತ್ತು ಮೀಟರ್ ಓಡುವ ಪಟ್ಟಿಯನ್ನು ಸ್ಟೇನ್‌ಲೆಸ್‌ಗೆ ಅದರ ಅರ್ಧಕ್ಕಿಳಿಸುವುದು ವಾಡಿಕೆ. ಎಣ್ಣೆ ಬೆರೆಸಿದ ನೀರನ್ನು, ಅಂದರೆ ಕೂಲೆಂಟನ್ನು, ಸೀಳಿನ ಮೇಲೆ ಧಾರಾಳವಾಗಿ ಹರಿಸಬೇಕು. ಬೀಡು ಕಬ್ಬಿಣವನ್ನು ಮಾತ್ರ ಸಾಮಾನ್ಯವಾಗಿ ಒಣಗಾಗಿಯೇ ಕೊಯ್ಯುತ್ತಾರೆ.

ಈ ಧೈರ್ಯದ ನಿಯಮಕ್ಕೆ ಹೊಸ ಪಟ್ಟಿಯೊಂದು ಅಪವಾದ: ಅದರ ಅತಿ ಚೂಪಾದ ಹಲ್ತುದಿ ಸ್ವಲ್ಪ ಸವೆದು ಹದಕ್ಕೆ ಬರುವವರೆಗೆ ಒತ್ತಡವನ್ನು ಅರ್ಧಕ್ಕಿಳಿಸಿ ಕೊಯ್ಯಬೇಕಾಗುತ್ತದೆ. ಕೊಯ್ತದ ನಡುವೆ ಹಳೆಯ ಪಟ್ಟಿ ತುಂಡಾದರೆ, ಸವೆದ ಹಲ್ಲು ಬಿಟ್ಟುಹೋದ ಕಿರಿದಾದ ಸೀಳಿಗೆ ಹೊಸ ಪಟ್ಟಿಯನ್ನು ಇಳಿಸದೆ, ಸರಳನ್ನು ವೈಸ್‌ನಲ್ಲಿ ತಿರುಗಿಸಿ ಹಿಡಿದು ಇನ್ನೊಂದು ಬದಿಯಿಂದ ಕೊಯ್ತವನ್ನು ಹೊಸದಾಗಿ ಆರಂಭಿಸಬೇಕು.